ತೋಟದ ಏರಿನಲ್ಲಿ ಉಸಿರುಗಟ್ಟುವ ಆರ್‌ಎಕ್ಸ್‌ 100: ಸ್ಪ್ರಾಕೆಟ್ ಬದಲಿಸಿದರೆ ಸಾಕೇ?

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ ಕಡೆ):

ನಮಸ್ಕಾರ ಸರ್. ಡರ್ಟ್ ರೇಸಿಗೆಂದು ಸಿದ್ಧಪಡಿಸಿದ್ದ 1994ರ ಯಮಹಾ ಆರ್‌ಎಕ್ಸ್‌ 100 ಒಂದನ್ನು ತೋಟದ ಓಡಾಟಕ್ಕೆ ಕೊಂಡಿದ್ದೇನೆ. ಹಿಂದಿನ ಮಾಲೀಕರು ಬ್ಲಾಕಿನ (ಸಿಲಿಂಡರಿನ) ಎಕ್ಸಾಸ್ಟ್ ಪೋರ್ಟನ್ನು, ಅಂದರೆ ಹೊಗೆ ಹೊರಹೋಗುವ ಕಿಂಡಿಯನ್ನು, ಕೊರೆಸಿ ಮೇಲಕ್ಕೆತ್ತಿಸಿದ್ದಾರೆ, ಎಕ್ಸ್‌ಪಾನ್ಷನ್ ಚೇಂಬರ್ (ರೇಸಿನ ಸೈಲೆನ್ಸರ್ ಪೈಪು) ಮತ್ತು 24 ಮಿ.ಮೀ. ಕಾರ್ಬೊರೇಟರ್ ಹಾಕಿಸಿದ್ದಾರೆ. ಬಯಲಿನಲ್ಲಿ ಗಾಡಿ ಹಾರಿದಂತೆ ಓಡುತ್ತದೆ. ಆದರೆ ಮಳೆಗಾಲದಲ್ಲಿ ತೋಟದ ಕೆಸರಿನ ಏರು ಹತ್ತುವಾಗ ಮೊದಲನೇ ಗೇರಿನಲ್ಲೂ ಕ್ಲಚ್ ಹಿಡಿದು ಬಿಟ್ಟು ಮಾಡದಿದ್ದರೆ ನಿಂತೇ ಹೋಗುತ್ತದೆ. ಸ್ಪ್ರಾಕೆಟ್‌ಗಳ (ಚೈನ್ ಕೂರುವ ಹಲ್ಲುಚಕ್ರಗಳ) ಹಲ್ಲು ಎಣಿಸಿ ನೋಡಿದೆ, ಮುಂದೆ 14, ಹಿಂದೆ 40 ಇದೆ. ಹಿಂದೆ 46 ಹಲ್ಲಿನದು ಮಾಡಿಸಿ ಹಾಕಿದರೆ ಸರಿಹೋಗುವುದೇ?

ಉತ್ತರ:

ನಮಸ್ಕಾರ. ಸ್ಪ್ರಾಕೆಟ್ ಬದಲಿಸಿದರೆ ಅನುಕೂಲವಾಗುತ್ತದೆ, ಆದರೆ ಅದು ಎರಡನೆಯ ಕೆಲಸ. ನಿಮ್ಮ ಗಾಡಿಯ ಕೆಳಗಿನ ಪುಲ್ಲಿಂಗ್ (ಎಂಜಿನ್ ನಿಧಾನವಾಗಿ ಸುತ್ತುವಾಗಿನ ಎಳೆತ) ಎಲ್ಲಿ ಹೋಯಿತೆಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಕಂಪನಿಯಿಂದ ಬಂದಾಗ ಈ 98 ಸಿಸಿ ಟೂ-ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 7,500 ಸುತ್ತಿನಲ್ಲಿ 11 ಅಶ್ವಶಕ್ತಿ ಕೊಡುತ್ತಿತ್ತು, ಅದರ ಜೊತೆಗೆ ಕಡಿಮೆ ಸುತ್ತಿನಲ್ಲೂ ಚೆನ್ನಾಗಿ ಎಳೆಯುತ್ತಿತ್ತು. ಮಲೆನಾಡಿನ ಜನ ಅದನ್ನು ಇಷ್ಟಪಟ್ಟದ್ದೂ ಆ ಗುಣಕ್ಕೇ. ರೇಸಿಗೆ ಮಾಡಿಸಿದ ಮೂರೂ ಬದಲಾವಣೆಗಳು ಆ ಶಕ್ತಿಯನ್ನು ಮೇಲಿನ ಸುತ್ತಿಗೆ ಒಯ್ದಿವೆ.

ಎಕ್ಸ್‌ಪಾನ್ಷನ್ ಚೇಂಬರಿನ ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. ಎಕ್ಸಾಸ್ಟ್ ಪೋರ್ಟ್ ತೆರೆದಾಗ ಹೊರಡುವ ಒತ್ತಡದ ಅಲೆ, ಚೇಂಬರಿನ ತುದಿಯ ಇಳಿಜಾರು ಕೋನಿಗೆ ಬಡಿದು ಹಿಂದಿರುಗಿ, ಪೋರ್ಟ್ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು, ಹೊರಗೆ ಸೋರುತ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಬೋರಿನೊಳಗೆ (ಪಿಸ್ಟನ್ ಆಡುವ ಕೊಳವೆಯೊಳಗೆ) ತಳ್ಳಬೇಕು. ಅಲೆ ಹೋಗಿ ಬರುವ ಸಮಯ ಪೈಪಿನ ಉದ್ದದ ಮೇಲೆ ನಿಂತಿರುವುದರಿಂದ, ಗಿಡ್ಡ ರೇಸ್ ಪೈಪು ಹೆಚ್ಚಿನ ಸುತ್ತಿಗೆ ಮಾತ್ರ ಹೊಂದುತ್ತದೆ. ನಿಧಾನವಾಗಿ ಏರು ಹತ್ತುವಾಗ ಅಲೆ ಬೇಗನೆ ಬಂದು ಹೋಗಿಬಿಡುತ್ತದೆ, ಆಮೇಲೆ ತೆರೆದೇ ಇರುವ ಪೋರ್ಟಿನಿಂದ ಪೆಟ್ರೋಲ್ ಸೋರಿಹೋಗುತ್ತದೆ. ಪೋರ್ಟನ್ನು ಎತ್ತಿಸಿರುವುದರಿಂದ ಈ ನಷ್ಟ ಇನ್ನೂ ಹೆಚ್ಚು. ಆದ್ದರಿಂದ ಮೊದಲು ಕಂಪನಿ ಮಾದರಿಯ ಸೈಲೆನ್ಸರನ್ನೂ 20 ಮಿ.ಮೀ. ಕಾರ್ಬೊರೇಟರನ್ನೂ ಹಾಕಿಸಿ ನೋಡಿ. ದೊಡ್ಡ ಕಾರ್ಬೊರೇಟರಿನಲ್ಲಿ ಕಡಿಮೆ ಸುತ್ತಿಗೆ ಗಾಳಿಯ ವೇಗ ಸಾಲದೆ, ಜೆಟ್ಟಿನಿಂದ ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ.

ಕಾರ್ಬೊರೇಟರ್ ಬಿಚ್ಚಿದಾಗ ರೀಡ್ ವಾಲ್ವನ್ನು ತಪ್ಪದೆ ನೋಡಿ; ಮಿಶ್ರಣವನ್ನು ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಭಾಗಕ್ಕೆ) ಒಳಬಿಟ್ಟು ವಾಪಸು ಬಿಡದ ಪಟ್ಟಿಗಳ ಕವಾಟ ಅದು. ಒರೆಸಿ, ಕಣ್ಣ ಮುಂದೆ ಆಕಾಶದ ಬೆಳಕಿಗೆ ಹಿಡಿಯಿರಿ. ರೀಡಿನ ಪಟ್ಟಿ ತನ್ನ ಸೀಟಿಗೆ ಪೂರ್ತಿ ಕೂತಿದ್ದರೆ ಅಂಚಿನಲ್ಲಿ ಕತ್ತಲು ಕಾಣಬೇಕು. ಕೂದಲೆಳೆಯಷ್ಟು ಬೆಳಕಿನ ಗೆರೆ ಕಂಡರೂ, ಪಟ್ಟಿಯ ಮೂಲೆ ಮುರಿದಿದ್ದರೂ, ಕ್ರ್ಯಾಂಕ್‌ಕೇಸಿಗೆ ಹೋದ ಮಿಶ್ರಣ ಕಾರ್ಬೊರೇಟರಿಗೇ ವಾಪಸು ಉಗುಳಿಬರುತ್ತದೆ. ಇದು ಹೆಚ್ಚಿನ ಸುತ್ತಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಕಡಿಮೆ ಸುತ್ತಿನಲ್ಲಿ ಪ್ರಾಣ ಹಿಂಡುತ್ತದೆ. ಕೆಳಗಿನ ಪುಲ್ಲಿಂಗ್ ಇಲ್ಲವೆಂದು ನನ್ನಲ್ಲಿಗೆ ಬಂದ ಎಷ್ಟೋ ಗಾಡಿಗಳ ರೋಗ ಇಷ್ಟೇ ಆಗಿತ್ತು.

ಇನ್ನು ಗೇರಿಂಗ್. ಈಗ ನಿಮ್ಮ ಅನುಪಾತ (ಹಿಂದಿನ 40 ಭಾಗಿಸು ಮುಂದಿನ 14) 2.86. ಮುಂದೆ 13 ಹಾಕಿದರೆ 3.08, ಅಂದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ. 7.7ರಷ್ಟು ಹೆಚ್ಚುತ್ತದೆ. ಹಿಂದೆ 43 ಹಾಕಿದರೂ ಹೆಚ್ಚುಕಡಿಮೆ ಇಷ್ಟೇ. ಮುಂದಿನದು ಅಗ್ಗ, ಹಿಂದಿನ ಚಕ್ರವನ್ನು ಮೂರು ಮಿ.ಮೀ.ನಷ್ಟು ಹಿಂದಕ್ಕೆ ಎಳೆದರೆ ಹಳೆಯ ಚೈನೇ ಸಾಕಾಗುತ್ತದೆ. 12ಕ್ಕೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ, ಅಷ್ಟು ಚಿಕ್ಕ ಹಲ್ಲುಚಕ್ರದ ಮೇಲೆ ಚೈನ್ ತೀರಾ ಬಾಗಿ ಬೇಗ ಸವೆಯುತ್ತದೆ. 46ರಿಂದ ಶೇ. 15ರಷ್ಟು ಎಳೆತ ಹೆಚ್ಚಿದರೂ, ಈಗಿನ ಎಂಜಿನ್ನಿನಲ್ಲಿ ಕೆಸರಿಗೆ ಅದು ಒಳ್ಳೆಯದಲ್ಲ. ಶಕ್ತಿ ಒಮ್ಮೆಲೇ ಬಂದಾಗ ಟೈರು ಹಿಡಿತ ಬಿಟ್ಟು ನಿಂತಲ್ಲೇ ಮಣ್ಣು ತೋಡುತ್ತದೆ.

ಮರುಪ್ರಶ್ನೆ (ಅದೇ ಬೆಳೆಗಾರರು, ಮೂರು ವಾರಗಳ ಬಳಿಕ):

ಸರ್, ರೀಡಿನ ಒಂದು ಪಟ್ಟಿಯ ಮೂಲೆ ಮುರಿದಿತ್ತು. ಅದನ್ನು ಬದಲಿಸಿ, ಹಳೆಯ ಮಾದರಿಯ ಸೈಲೆನ್ಸರ್, ಕಾರ್ಬೊರೇಟರ್, ಮುಂದೆ 13 ಹಾಕಿಸಿದೆ. ಏರು ಈಗ ಕ್ಲಚ್ ಮುಟ್ಟದೆ ಹತ್ತುತ್ತದೆ. ಎರಡು ಸಂದೇಹಗಳಿವೆ. ಸಣ್ಣ ಥ್ರಾಟಲಿನಲ್ಲಿ ಗಾಡಿ ಬೊಗಳಿದಂತೆ ಸದ್ದು ಮಾಡಿ ಕಪ್ಪು ಎಣ್ಣೆ ಉಗುಳುತ್ತದೆ. ಅಲ್ಲದೆ, ಬ್ಲಾಕನ್ನು ಹೀಗೆಯೇ ಬಿಡಬಹುದೇ? ಆಯಿಲ್ ಪಂಪನ್ನು ಹಿಂದಿನವರೇ ತೆಗೆಸಿದ್ದಾರೆ, ನಾನು ಪೆಟ್ರೋಲಿಗೇ ಎಣ್ಣೆ ಬೆರೆಸುತ್ತೇನೆ.

ಉತ್ತರ:

ಬಹಳ ಸಂತೋಷ. ನಿಮ್ಮ ಕಡೆ ಸಾವಿರ ಮೀಟರ್ ಆಸುಪಾಸಿನ ಎತ್ತರವಿದ್ದು, ಸಮುದ್ರಮಟ್ಟಕ್ಕಿಂತ ಗಾಳಿಯ ಸಾಂದ್ರತೆ ಶೇ. 9ರಷ್ಟು ಕಡಿಮೆ ಇರುವುದರಿಂದ ಪೆಟ್ರೋಲ್ ಹೆಚ್ಚಾಗುತ್ತಿದೆ. ಮೊದಲು ಏರ್ ಫಿಲ್ಟರಿನ ಸ್ಪಂಜು ತೊಳೆಯಿರಿ. ಆಮೇಲೂ ಬೊಗಳಿದರೆ ಕಾರ್ಬೊರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿ ಸೂಜಿಯನ್ನು ಇಳಿಸಿ. ಬದಲಿಸಿದ ಮೇಲೆ ಪ್ಲಗ್ಗಿನ ಬಣ್ಣ ನೋಡುತ್ತಿರಿ: ಕಾಫಿಪುಡಿಯ ಕಂದು ಸರಿ, ಬಿಳಿಚಿಕೊಂಡರೆ ಕೂಡಲೇ ಕ್ಲಿಪ್ಪನ್ನು ಹಿಂದಕ್ಕೆ ಹಾಕಿ.

ಎತ್ತಿಸಿದ ಪೋರ್ಟನ್ನು ಮತ್ತೆ ಇಳಿಸಲಾಗದು. ಬ್ಲಾಕಿನ ಕೆಳಗೆ ತೆಳುವಾದ ಪ್ಯಾಕಿಂಗ್ ಹಾಕಿ ಒಂದಿಷ್ಟು ಸರಿಪಡಿಸಬಹುದು, ಆದರೆ ಆಗ ಪಿಸ್ಟನ್ನು ಹೆಡ್ಡಿಗೆ ಹತ್ತಿರವಾಗುತ್ತದೆ. ಅವೆರಡರ ನಡುವಿನ ಸಂದು ತಿಳಿಯಲು ಪಿಸ್ಟನ್ನಿನ ಮೇಲೆ ಸೀಸದ ತಂತಿ ಇಟ್ಟು ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಬೇಕು, ಒಂದು ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ಈಗಿನ ಎಳೆತ ಸಾಕೆನಿಸಿದರೆ ಅದನ್ನು ಮುಟ್ಟದಿರುವುದೇ ಮೇಲು. ಮುಂದೆಂದಾದರೂ ಬೋರಿನ ಕೆಲಸ ಬಂದಾಗ, ಕೊರೆಯದ ಬ್ಲಾಕ್ ಹುಡುಕಿ ಹಾಕಿಸಿ.

ಪಂಪ್ ಇಲ್ಲವೆಂದು ತಿಳಿದು ಒಂದು ಮಾತು ಹೇಳಲೇಬೇಕಾಗಿದೆ. ನಿಮ್ಮ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. 13 ಹಲ್ಲು ಹಾಕಿದ ಮೇಲೆ ಇಳಿಜಾರಿನಲ್ಲಿ ಎಂಜಿನ್ ಮೊದಲಿಗಿಂತ ಹೆಚ್ಚು ಸುತ್ತುತ್ತದೆ; ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದೆ ಜಾಮ್ ಆಗುವ ಅಪಾಯವಿದೆ. ಲೀಟರಿಗೆ 25ರಿಂದ 30 ಮಿ.ಲೀ. 2ಟಿ (ಟೂ-ಸ್ಟ್ರೋಕ್) ಎಣ್ಣೆ ಬೆರೆಸಿ, ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಥ್ರಾಟಲನ್ನು ಒಮ್ಮೆ ತಿರುವಿ ಬಿಡಿ.