ಕೆಜಿಎಫ್‌ಗೆ ಹೋಗಬೇಕು: ಮುತ್ತಾತನ ದಾಖಲೆ ಎಲ್ಲಿ ಸಿಗುತ್ತದೆ? ಅಲ್ಲಿ ಚಿನ್ನ ಜಾಲಿಸಲು ಬಿಡುತ್ತಾರಾ?

ಬೇರುಹುಡುಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯ ಅಜ್ಜ 1930ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಅವರ ಮಗನೂ ಅಲ್ಲೇ ದುಡಿದು ನಿವೃತ್ತರಾದರು. ಮೂಲ ಊರು ತಮಿಳುನಾಡಿನ ಗುಡಿಯಾತ್ತಂ ಕಡೆಯದು ಅನ್ನುವುದಷ್ಟೇ ಗೊತ್ತು. ಮನೆಯಲ್ಲಿ ಉಳಿದಿರುವುದು ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ ಮತ್ತು ಅಜ್ಜನ ಹಳೆಯ ಪಿಎಫ್ ಚೀಟಿ. ಮುತ್ತಾತ ಯಾವ ಗಣಿಯಲ್ಲಿದ್ದರು, ಯಾವ ಲೈನಿನಲ್ಲಿ (ಕಾರ್ಮಿಕರ ಮನೆಗಳ ಸಾಲಿನಲ್ಲಿ) ವಾಸವಿದ್ದರು, ಯಾವಾಗ ತೀರಿಕೊಂಡರು ಎಂದು ತಿಳಿಯಬೇಕು. ದಾಖಲೆ ಎಲ್ಲಿ ಕೇಳಬೇಕು?

ಇನ್ನೊಂದು ವಿಷಯ. ತಮ್ಮನಿಗೆ ಚಿನ್ನ ಹುಡುಕುವ ಹವ್ಯಾಸ ಹತ್ತಿದೆ. ಜಾಲಿಸುವ ತಟ್ಟೆ, ಮೆಟಲ್ ಡಿಟೆಕ್ಟರ್ ಎರಡನ್ನೂ ತರುತ್ತೇನೆ ಎನ್ನುತ್ತಿದ್ದಾನೆ. ಗಣಿಯ ಉಳಿಕೆಮಣ್ಣಿನ ಸೈನೈಡ್ ದಿಬ್ಬಗಳಲ್ಲಿ ಇನ್ನೂ ಚಿನ್ನ ಇದೆಯಂತೆ, ನಿಜವೇ?

ಶಿಲಾರೇಖೆ

ಚಿನ್ನದ ವಿಷಯದಲ್ಲಿ ಜೈಲಿಗೆ ಹೋಗುವ ಪ್ರಶ್ನೆ ಇರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ. 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ (ಎಂಎಂಡಿಆರ್) 4ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಖನಿಜ ಶೋಧನೆ ಮಾಡುವಂತಿಲ್ಲ. ಮಾಡಿದರೆ 21ನೇ ಕಲಂ ಅಡಿ 5 ವರ್ಷದವರೆಗೆ ಸೆರೆ ಮತ್ತು ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ‘ಮೈನರ್ಸ್ ರೈಟ್’ ಎಂಬ ಹವ್ಯಾಸಿ ಚೀಟಿಯನ್ನು 10 ವರ್ಷದ ಅವಧಿಗೆ ಕೊಡುತ್ತಾರೆ. ಅದರ ವಿಡಿಯೋ ನೋಡಿ ನಮ್ಮಲ್ಲೂ ಹಾಗೇ ಇರಬೇಕು ಅಂದುಕೊಳ್ಳುವವರು ಬಹಳ. ನಮ್ಮಲ್ಲಿ ಹವ್ಯಾಸಿಗಳಿಗೆ ಅಂಥ ಚೀಟಿಯೇ ಇಲ್ಲ. ದಿಬ್ಬಗಳಿಗೂ ಒಡೆಯರಿದ್ದಾರೆ: ಭಾರತ್ ಗೋಲ್ಡ್ ಮೈನ್ಸ್, ಅಂದರೆ ಬಿಜಿಎಂಎಲ್, ಕೇಂದ್ರ ಸರ್ಕಾರದ ಕಂಪನಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಆಸ್ತಿ ಅವರದೇ. 13 ದಿಬ್ಬಗಳ ಮರುಗಣಿಗಾರಿಕೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿದೆ.

ಇನ್ನು ‘ಚಿನ್ನ ಇದೆಯಂತೆ’ ಎಂಬ ಮಾತು. ಇದೆ, ಆದರೆ ನಿಮ್ಮ ತಟ್ಟೆಗೆ ಸಿಗುವ ರೂಪದಲ್ಲಿಲ್ಲ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ, ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಸಿ, ಕೈಗೆ ಸಿಗುವ ಕಣವನ್ನೆಲ್ಲ ಅಲ್ಲೇ ಹಿಡಿದುಕೊಂಡಿದ್ದಾರೆ. ಅದರಿಂದ ತಪ್ಪಿಸಿಕೊಂಡದ್ದನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದಿದ್ದಾರೆ. ಎರಡನ್ನೂ ದಾಟಿದ ಉಳಿಕೆಯೇ ದಿಬ್ಬ. ಟನ್ನಿಗೆ ಒಂದು ಗ್ರಾಂ ಇದೆ ಎಂದೇ ಇಟ್ಟುಕೊಳ್ಳಿ, 10 ಕಿಲೋ ಮಣ್ಣಿಗೆ 10 ಮಿಲಿಗ್ರಾಂ ಆಯಿತು. ಅದೂ ಕಣ್ಣಿಗೆ ಕಾಣದ ಕಣಗಳಾಗಿ, ನೀರಲ್ಲಿ ಕೆಸರಿನ ಜೊತೆಗೇ ತೇಲಿ ಹೋಗುವಂಥದ್ದು. ಜಾಲಿಸಿ ತೆಗೆಯಲು ಬರುವುದಿಲ್ಲ.

ಮೆಟಲ್ ಡಿಟೆಕ್ಟರ್ ಇನ್ನೂ ವ್ಯರ್ಥ. ಕೋಲಾರದ ಚಿನ್ನ ಬೆಣಚುಕಲ್ಲಿನ ಸಿರದೊಳಗೆ ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತದೆ, ಗಟ್ಟಿಗಳಾಗಿ ಅಲ್ಲ. ಯಂತ್ರ ಕೂಗಿದರೆ ಅದು ನೂರಿಪ್ಪತ್ತು ವರ್ಷದ ತುಕ್ಕುಕಬ್ಬಿಣಕ್ಕೆ: ಟ್ರಾಲಿ ಹಳಿ, ಉಕ್ಕಿನ ಹಗ್ಗದ ಎಳೆ, ಬೋಲ್ಟು. ಡಿಟೆಕ್ಟರ್ ಕೈಯಲ್ಲಿ ಹಿಡಿದು ತಿರುಗಿದರೆ ಗುಜರಿ ಕದಿಯಲು ಬಂದವರೆಂದು ಕಾವಲುಗಾರರು ಹಿಡಿಯುತ್ತಾರೆ. ಮನೆಯಲ್ಲೇ ಬಿಟ್ಟು ಬನ್ನಿ. ಯಾರಾದರೂ ‘ಚಿನ್ನದ ಕಲ್ಲು’ ಮಾರಲು ಬಂದರೆ ಕೊಳ್ಳಬೇಡಿ. ನಿಜವಾಗಿದ್ದರೆ ಕದ್ದ ಮಾಲು, ಸುಳ್ಳಾಗಿದ್ದರೆ ಚಿನ್ನದಂತೆ ಹೊಳೆಯುವ ಪೈರೈಟ್ ಕಲ್ಲು.

ಹಳೆಕಡತ

ದಾಖಲೆ ಹುಡುಕುವಾಗ ಹೆಚ್ಚಿನವರು ಮುತ್ತಾತನಿಂದ ಶುರುಮಾಡಿ ಸೋಲುತ್ತಾರೆ. ಹತ್ತಿರದವರಿಂದ ಹಿಂದಕ್ಕೆ ಹೋಗಬೇಕು. ನಿಮ್ಮ ಕೈಯಲ್ಲಿರುವ ಬಲವಾದ ಕಾಗದ ಅಜ್ಜನ ಪಿಎಫ್ ಚೀಟಿ. ಅದರಲ್ಲಿ ಸದಸ್ಯ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಹಿಡಿದು ಬಿಜಿಎಂಎಲ್ ಹತ್ತಿರ ಸೇವಾ ಪುಸ್ತಕ ಕೇಳಬಹುದು. ಸೇವಾ ಪುಸ್ತಕದಲ್ಲಿ ತಂದೆಯ ಹೆಸರು, ಮೂಲ ಊರು, ತಾಲ್ಲೂಕು, ಕೆಲಸಕ್ಕೆ ಸೇರಿದ ದಿನ, ಮೈಮೇಲಿನ ಗುರುತು, ನಾಮಿನಿ ಎಲ್ಲವನ್ನೂ ಬರೆಯುವ ಪದ್ಧತಿ. ಮುತ್ತಾತನಿಗೆ ಹೋಗುವ ದಾರಿ ಆ ‘ತಂದೆಯ ಹೆಸರು’ ಮತ್ತು ‘ಮೂಲ ಊರು’ ಕಲಂಗಳೇ.

ಕೇಳುವುದು ಮಾಹಿತಿ ಹಕ್ಕಿನಲ್ಲಿ. ಬಿಜಿಎಂಎಲ್ ಕೇಂದ್ರ ಗಣಿ ಸಚಿವಾಲಯಕ್ಕೆ ಸೇರಿದ್ದರಿಂದ ಆರ್‌ಟಿಐ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ‘ಇದು ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂದು 8(1)(ಜೆ) ಕಲಂ ತೋರಿಸಿ ತಿರಸ್ಕರಿಸಬಹುದು. ಅದಕ್ಕೆ ಉತ್ತರವನ್ನು ಅರ್ಜಿಯಲ್ಲೇ ಮೊದಲೇ ಬರೆದಿಡಿ: 20 ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ 8(3) ಕಲಂ ಪ್ರಕಾರ ಆ ವಿನಾಯಿತಿ ನಿಲ್ಲುವುದಿಲ್ಲ. ಗಣಿ ಮುಚ್ಚಿದ್ದೇ 2001ರಲ್ಲಿ, ಹಾಗಾಗಿ ಎಲ್ಲ ಸೇವಾ ಪುಸ್ತಕಗಳೂ ಆ ಗಡುವು ದಾಟಿವೆ. ಜೊತೆಗೆ ಅಜ್ಜನ ಮರಣ ಪತ್ರ, ವಂಶವೃಕ್ಷದ ದೃಢೀಕರಣ ಲಗತ್ತಿಸಿ. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಹೆಸರು, ಪಿಎಫ್ ಸಂಖ್ಯೆ, ಅಂದಾಜು ಸೇರಿದ ವರ್ಷ ಕೊಟ್ಟು ‘ಸೇವಾ ಪುಸ್ತಕದ ಮೊದಲ ಪುಟ ಮತ್ತು ನಾಮಿನಿ ಪುಟದ ನಕಲು’ ಎಂದೇ ಕೇಳಿ. ಕಡತ ಇಲ್ಲವೆಂದರೆ ಆ ಮಾತನ್ನೂ ಲಿಖಿತವಾಗಿ ಪಡೆಯಿರಿ, ಮೇಲ್ಮನವಿಗೆ ಬೇಕಾಗುತ್ತದೆ.

ಇನ್ನು ಮುತ್ತಾತನ ಕಾಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೆ ಅಲ್ಲಿ ಇದ್ದದ್ದು ಒಂದೇ ಕಂಪನಿಯಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದ ಕೆಳಗೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ಬೇರೆ ಬೇರೆ ಕಂಪನಿಗಳು, ಒಂದೊಂದಕ್ಕೂ ಬೇರೆ ಲೆಕ್ಕ, ಬೇರೆ ಲೈನು. ಆದ್ದರಿಂದ ಯಾವ ಗಣಿ ಎಂಬುದು ಗೊತ್ತಾಗುವವರೆಗೆ ಉಳಿದ ಹುಡುಕಾಟ ಕತ್ತಲಲ್ಲಿ ನಡೆದಂತೆ. ಆ ಬಿಲ್ಲೆಯನ್ನು ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಪೂರ್ತಿ ಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಮಲಗಿಸಿ ಹಿಡಿದು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ನಂಬರಿನ ಮೇಲೋ ಕೆಳಗೋ ಗಣಿಯ ಮೊದಲಕ್ಷರಗಳಿದ್ದರೆ ಆಗ ಕಾಣುತ್ತವೆ.

ಗಣಿ ಗೊತ್ತಾದ ಮೇಲೆ ನೋಡಬೇಕಾದ್ದು ಮೈಸೂರು ಸಂಸ್ಥಾನದ ಗಣಿಗಳ ಮುಖ್ಯ ಇನ್ಸ್‌ಪೆಕ್ಟರರ ವಾರ್ಷಿಕ ವರದಿಗಳು. ಗಣಿ ಅಪಘಾತದಲ್ಲಿ ತೀರಿಕೊಂಡಿದ್ದರೆ ಸುಳಿವು ಸಿಗಬಹುದಾದ ಜಾಗ ಅದು. ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಕಡತಗಳಿವೆ. ಗುರುತಿನ ಚೀಟಿ ಮತ್ತು ವಿಷಯ ಬರೆದ ಒಂದು ಕೋರಿಕೆ ಪತ್ರ ಒಯ್ಯಿರಿ. ಮೈಸೂರು ರೆಸಿಡೆನ್ಸಿಯ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವುಗಳ ಸೂಚಿಯನ್ನು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. 1930ರಲ್ಲಿ ಕಾರ್ಮಿಕರ ನೋಂದಣಿ, ಹೆಬ್ಬೆಟ್ಟಿನ ಗುರುತಿನ ವಿರುದ್ಧ ದೊಡ್ಡ ಮುಷ್ಕರವೇ ನಡೆದಿತ್ತು. ಆ ಹೊತ್ತಿನ ಪೊಲೀಸ್ ಮತ್ತು ಗಣಿ ಕಡತಗಳನ್ನು ಬಿಡಬೇಡಿ.

ಹೆಸರಿನ ಕಾಟ ದೊಡ್ಡದು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರು. ಮುನಿಸ್ವಾಮಿ ಎಂಬ ಒಂದೇ ಹೆಸರು ಮುನುಸಾಮಿ, ಮೂನಿಸಾಮಿ, ಮುನ್ಸಾಮಿ ಎಂದೆಲ್ಲ ಸಿಗುತ್ತದೆ. ಹೆಸರು ಮಾತ್ರ ಹಿಡಿದು ‘ಇವರೇ ನಮ್ಮವರು’ ಎಂದು ತೀರ್ಮಾನಿಸಬೇಡಿ. ಹೆಸರು, ತಂದೆಯ ಹೆಸರು, ಊರು ಈ ಮೂರರಲ್ಲಿ ಎರಡಾದರೂ ಕೂಡಬೇಕು.

ಬೇರುಹುಡುಕಿ

ತುಂಬಾ ಧನ್ಯವಾದ ಸರ್. ಬಿಲ್ಲೆಯ ಫೋಟೋ ಇವತ್ತೇ ತೆಗೆಯುತ್ತೇನೆ. ಮರಣ ದಾಖಲೆ ಬಗ್ಗೆ ಇನ್ನಷ್ಟು ಹೇಳಿ. ಮುತ್ತಾತ ಆಮೇಲೆ ಕ್ರೈಸ್ತರಾದರು ಎಂದು ಒಬ್ಬರು, ಇಲ್ಲ ಬೌದ್ಧರಾಗಿದ್ದರು ಎಂದು ಇನ್ನೊಬ್ಬರು ಹೇಳುತ್ತಾರೆ.

ಹಳೆಕಡತ

ಎರಡೂ ಸಾಧ್ಯ. ತಮಿಳು ದಲಿತ ಚಿಂತಕ ಅಯೋತಿ ದಾಸ್ ಪಂಡಿತರ ಬೌದ್ಧ ಚಳವಳಿ 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯ ತಮಿಳು ಕಾರ್ಮಿಕರಲ್ಲಿ ಬೇರುಬಿಟ್ಟಿತ್ತು. ಆ ಸಂಘಗಳ ಬರಹವೆಲ್ಲ ತಮಿಳಿನಲ್ಲಿ, ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಚರ್ಚ್ ದಾಖಲೆಯಾದರೆ ಮೊದಲು ಆಯಾ ಚರ್ಚಿನ ಕಚೇರಿಗೆ ಪತ್ರ ಬರೆದು, ದಿನ ಗೊತ್ತುಮಾಡಿಕೊಂಡು ಹೋಗಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರಕ್ಕೂ ಬೇರೆ ರಿಜಿಸ್ಟರ್. ಸಮಾಧಿಯದಕ್ಕಿಂತ ಮದುವೆಯ ನಮೂದು ಹೆಚ್ಚು ಬೆಲೆಯದ್ದು, ಇಬ್ಬರ ತಂದೆಯರ ಹೆಸರೂ ಅದರಲ್ಲಿ ಇರುತ್ತವೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರಾಂತ್ಯದ ಚರ್ಚ್ ವಿವರಗಳು, ಎನ್/2 ಸರಣಿ, ಹೆಚ್ಚಾಗಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳವು. ಅದರಲ್ಲಿ ನಿಮ್ಮವರ ಹೆಸರಿಲ್ಲದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಜನನ ಮರಣದ ಸರ್ಕಾರಿ ನಮೂದಿಗೆ ರಾಬರ್ಟ್‌ಸನ್‌ಪೇಟೆ ನಗರಸಭೆ ಮತ್ತು ತಾಲ್ಲೂಕು ಕಚೇರಿ ಎರಡರಲ್ಲೂ ವಿಚಾರಿಸಿ. 1969ರ ಕಾಯ್ದೆಯ 17ನೇ ಕಲಂ ಅಡಿ ಶುಲ್ಕ ಕಟ್ಟಿ ಹುಡುಕಿಸಿಕೊಳ್ಳುವ ಹಕ್ಕು ನಿಮಗಿದೆ. ವರ್ಷ ನಿಖರವಾಗಿ ಗೊತ್ತಿಲ್ಲದಿದ್ದರೆ ಮೂರು ನಾಲ್ಕು ವರ್ಷದ ಅವಧಿ ಕೊಡಿ. ಜನನ ನಮೂದಿನಲ್ಲಿ ಮಗುವಿನ ಹೆಸರು ಬಿಟ್ಟಿರುವುದು ಸಾಮಾನ್ಯ, ಅಪ್ಪನ ಹೆಸರಿನಿಂದ ಹುಡುಕಬೇಕು.

ಮಾರಿಕುಪ್ಪಂ ಲೈನ್

ಹೋಗಿ ನೋಡುವ ಬಗ್ಗೆ ಹೇಳುತ್ತೇನೆ. ರೈಲಿನಲ್ಲೇ ಬನ್ನಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲಾಗುವ ಹಳಿಯನ್ನು 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ್ದು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಸಾಲೇ ಗಣಿಗಳ ಸಾಲು. ಮೈಸೂರು ಮೈನ್ ಆದರೆ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ಚಾಂಪಿಯನ್ ರೀಫ್ ಆದರೆ ಅದಕ್ಕೆ ಮೊದಲಿನದರಲ್ಲಿ.

ಲೈನ್ ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಪಾಳುಬಿದ್ದ ಊರು ಎಂದುಕೊಂಡು ಬಾಗಿಲ ಮುಂದೆ ಕ್ಯಾಮೆರಾ ಹಿಡಿಯಬೇಡಿ, ಕೇಳಿ ತೆಗೆಯಿರಿ. ಮಾತು ಹೆಚ್ಚಾಗಿ ತಮಿಳು, ಕನ್ನಡ ತೆಲುಗು ಎರಡೂ ನಡೆಯುತ್ತವೆ. ‘ನಮ್ಮ ತಾತ ಗಣಿಯಲ್ಲಿದ್ದರು’ ಎಂದರೆ ಮೊದಲ ಮರುಪ್ರಶ್ನೆಯೇ ‘ಯಾವ ಶಾಫ್ಟು, ಯಾವ ಲೈನು?’ ಎಂದು. ಶಾಫ್ಟು ಅಂದರೆ ಗಣಿಗೆ ಇಳಿಯುವ ಬಾವಿ. ಗಿಫರ್ಡ್ಸ್, ಎಡ್ಗರ್ಸ್, ಹೆನ್ರೀಸ್ ಹೀಗೆ ಮನೆಯಲ್ಲಿ ಯಾವುದಾದರೂ ಶಾಫ್ಟಿನ ಹೆಸರು ಕೇಳಿದ ನೆನಪಿದ್ದರೆ ಬರೆದುಕೊಂಡು ಬನ್ನಿ. ತಾಯಿಯವರ ಅಕ್ಕ, ಚಿಕ್ಕಮ್ಮ ಯಾರಾದರೂ ಇದ್ದರೆ ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಕೇಳಲೇಬೇಕು.

ಶಾಫ್ಟುಗಳ ಹತ್ತಿರ ಹೋಗಬೇಡಿ. ಚಾಂಪಿಯನ್ ರೀಫ್ 3,200 ಮೀಟರ್ ಆಳಕ್ಕೆ ಇಳಿದಿತ್ತು. ಪಂಪು ನಿಂತ ಮೇಲೆ ಒಳಗೆಲ್ಲ ನೀರು. ದೊಡ್ಡ ಶಾಫ್ಟುಗಳಿಗೆ ಕಟ್ಟಡ, ಬೇಲಿ ಇರುತ್ತದೆ. ಅಪಾಯ ಇರುವುದು ಹಳೆಯ ಸಣ್ಣ ಗುಂಡಿಗಳಲ್ಲಿ: ಲಂಟಾನ ಬೆಳೆದು ಬಾಯಿ ಮುಚ್ಚಿರುತ್ತದೆ, ಅಂಚಿನ ಮಣ್ಣು ಕೆಳಗಿನಿಂದ ಕುಸಿದು ತೆಳ್ಳಗೆ ಚಾಚಿರುತ್ತದೆ. ಜನ ಓಡಾಡಿ ಸವೆದ ದಾರಿ ಬಿಟ್ಟು ಪೊದೆಗೆ ಕಾಲಿಡಬೇಡಿ. ಸುರಂಗದ ಬಾಯಿ ಕಂಡರೂ ಒಳಗೆ ಹತ್ತು ಹೆಜ್ಜೆ ಕೂಡ ಬೇಡ. ನಿಂತ ಗಾಳಿಯಲ್ಲಿ ಸಾಕಷ್ಟು ಆಮ್ಲಜನಕ ಇಲ್ಲದಿರಬಹುದು, ವಾಸನೆಯಿಂದ ಅದು ತಿಳಿಯುವುದೂ ಇಲ್ಲ. 2020ರಲ್ಲಿ ಕದಿಯಲು ಇಳಿದ ಮೂವರು ಹಾಗೆಯೇ ಉಸಿರುಕಟ್ಟಿ ಸತ್ತರು.

ದಿಬ್ಬಗಳನ್ನು ರಸ್ತೆಯಿಂದ ನೋಡಿದರೆ ಸಾಕು. ಸೈನೈಡ್ ಎಂಬ ಹೆಸರಿಗೆ ಎಲ್ಲರೂ ಹೆದರುತ್ತಾರೆ, ಆದರೆ ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆಯುತ್ತದೆ. ಒಡೆಯದೆ ಉಳಿಯುವುದು ನುಣ್ಣನೆಯ ಸಿಲಿಕಾ ಧೂಳು. ಸಾವಿರಾರು ಗಣಿ ಕಾರ್ಮಿಕರ ಎದೆ ತಿಂದ ಸಿಲಿಕೋಸಿಸ್‌ಗೆ ಕಾರಣ ಇಂಥದೇ ಧೂಳು. ಗಾಳಿಯ ದಿನವಾದರೆ ಎನ್95 ಮಾಸ್ಕ್ ಬೇಕು, ಕರವಸ್ತ್ರದಿಂದ ಆಗುವುದಿಲ್ಲ. ಮಕ್ಕಳನ್ನು ದಿಬ್ಬ ಹತ್ತಲು ಬಿಡಬೇಡಿ, ಮಳೆನೀರು ಕೊರೆದ ಕಮರಿಗಳ ಗೋಡೆ ಮುಟ್ಟಿದರೆ ಜಾರುತ್ತದೆ.

ಸ್ಮಶಾನದಲ್ಲಿ ಕಲ್ಲಿನ ಅಕ್ಷರ ಕಾಣದಿದ್ದರೆ ಸುಣ್ಣ, ಚಾಕ್, ತಂತಿ ಬ್ರಷ್ ಏನೂ ಹಾಕಬೇಡಿ. ಮೃದು ಬ್ರಷ್, ಬರೀ ನೀರು, ಬೆಳಗ್ಗೆ ಎಂಟರೊಳಗಿನ ಅಡ್ಡಬಿಸಿಲು ಇಷ್ಟರಲ್ಲಿ ಮುಕ್ಕಾಲು ಪಾಲು ಅಕ್ಷರ ಏಳುತ್ತವೆ. ಕಲ್ಲಿನ ಫೋಟೋ ಜೊತೆಗೆ ಅಕ್ಕಪಕ್ಕದ ಎರಡು ಸಮಾಧಿಗಳದ್ದೂ ತೆಗೆಯಿರಿ, ನಂಟರು ಹತ್ತಿರ ಹತ್ತಿರ ಇರುತ್ತಾರೆ. ಬಡ ಕೂಲಿಗಳ ಸಮಾಧಿಗೆ ಕಲ್ಲೇ ಇಲ್ಲದಿರುವುದು ಹೆಚ್ಚು. ಅಲ್ಲಿ ರಿಜಿಸ್ಟರೇ ಗತಿ.

ಶಿಲಾರೇಖೆ

ತಮ್ಮನಿಗೆ ನಿರಾಸೆ ಆಗಬಾರದು ಎಂದು ಇದನ್ನು ಸೇರಿಸುತ್ತೇನೆ. ಜಾಲಿಸುವ ಕೈಚಳಕವನ್ನು ಮನೆಯ ಟಬ್ಬಿನಲ್ಲೇ ಕಲಿಯಬಹುದು, ಕಾನೂನಿನ ತೊಡಕಿಲ್ಲ. 14 ಇಂಚಿನ ತಟ್ಟೆ, ಅದರ ಮುಕ್ಕಾಲು ಭಾಗ ಕಟ್ಟಡದ ಮರಳು. ಮೀನು ಗಾಳದ ಸಣ್ಣ ಸೀಸದ ಗುಂಡುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಣಿಸಿ ಹತ್ತು ಚೂರು ಮರಳಿಗೆ ಬೆರೆಸಿ. ತಟ್ಟೆಯನ್ನು ಪೂರ್ತಿ ನೀರಲ್ಲಿ ಮುಳುಗಿಸಿ ಮೊದಲು ಜೇಡಿಯ ಉಂಡೆಗಳನ್ನು ಬೆರಳಿಂದ ಒಡೆಯಬೇಕು, ಉಂಡೆ ಉಳಿದರೆ ಭಾರದ ಕಣವನ್ನೂ ಹೊತ್ತು ಉರುಳಿಹೋಗುತ್ತದೆ. ಆಮೇಲೆ ತಟ್ಟೆಯನ್ನು ಸಮತಟ್ಟಾಗಿ ಹಿಡಿದು ಎಡಬಲಕ್ಕೆ ಜೋರಾಗಿ ಅರ್ಧ ನಿಮಿಷ ಅಲುಗಿಸಿ. ಭಾರದ್ದು ತಳಕ್ಕೆ ಇಳಿಯುವುದು ಈಗಲೇ. ಹೊಸಬರು ಎಡವುವುದೂ ಇಲ್ಲೇ: ಅಲುಗಿಸುವ ಮುಂಚೆಯೇ ಓರೆ ಮಾಡಿ ಮರಳು ಚೆಲ್ಲುತ್ತಾರೆ. ಇಳಿದ ಮೇಲೆ ತುಸು ಮುಂದಕ್ಕೆ ಓರೆ ಮಾಡಿ ನೀರಲ್ಲಿ ಅದ್ದಿ ಎತ್ತುತ್ತಾ ಮೇಲಿನ ತೆಳು ಪದರ ಮಾತ್ರ ಹೋಗಲು ಬಿಡಿ, ನಾಲ್ಕೈದು ಸಲಕ್ಕೊಮ್ಮೆ ಮತ್ತೆ ಸಮ ಮಾಡಿ ಅಲುಗಿಸಿ. ಕೈ ಎಣ್ಣೆಜಿಡ್ಡಾಗಿದ್ದರೆ ಸಣ್ಣ ಕಣ ತೇಲುತ್ತದೆ, ಪಾತ್ರೆ ಸೋಪು ಒಂದು ಹನಿ ಹಾಕಿ. ಕೊನೆಗೆ ಉಳಿದ ಕಪ್ಪು ಮರಳನ್ನು ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತದಿಂದ ತೆಗೆಯಿರಿ. ಹತ್ತರಲ್ಲಿ ಒಂಬತ್ತು ಚೂರು ಸತತವಾಗಿ ಉಳಿಯುವವರೆಗೆ ಕೈ ಪಳಗಿಲ್ಲ ಎಂದೇ ಲೆಕ್ಕ. ಚಿನ್ನದ ಸಾಂದ್ರತೆ 19.3, ಸೀಸದ್ದು 11.3, ಆದ್ದರಿಂದ ಸೀಸ ನಿಂತರೆ ಅದೇ ಗಾತ್ರದ ಚಿನ್ನ ನಿಲ್ಲುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಲು ಹೇಳಿ, ಆ ಟಬ್ಬನ್ನು ಅಡುಗೆಮನೆಗೆ ತರಬೇಡಿ.

ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ತಲೆಮಾರುಗಳಿಂದ ಚಿನ್ನ ತೊಳೆಯುತ್ತಿದ್ದರು ಎಂದು ಓದಿ ಅಲ್ಲಿಗೆ ಹೊರಡುವವರಿದ್ದಾರೆ. ಅದು 2019ರಿಂದ ವನ್ಯಜೀವಿ ಧಾಮ. ತಟ್ಟೆ ಹಿಡಿದು ಹೋಗುವ ಜಾಗ ಅಲ್ಲ.

ಬೇರುಹುಡುಕಿ

ಪಕ್ಕದಿಂದ ಟಾರ್ಚ್ ಹಿಡಿದಾಗ ನಂಬರಿನ ಮೇಲೆ ಇಂಗ್ಲಿಷಿನ ‘ಸಿ’ ಮತ್ತು ‘ಆರ್’ ಕಾಣುತ್ತಿವೆ. ಚಾಂಪಿಯನ್ ರೀಫ್ ಎಂದುಕೊಳ್ಳಲೇ?

ಹಳೆಕಡತ

ಹಾಗೆಂದೇ ಹಿಡಿದು ಹುಡುಕಿ, ಆದರೆ ಅರ್ಜಿಯಲ್ಲಿ ‘ಚಾಂಪಿಯನ್ ರೀಫ್ ಇರಬಹುದು’ ಎಂದೇ ಬರೆಯಿರಿ. ಬಿಲ್ಲೆ ಮುತ್ತಾತನದೋ ಅಜ್ಜನದೋ ಇನ್ನೂ ಗೊತ್ತಾಗಿಲ್ಲ. ಸೇವಾ ಪುಸ್ತಕದ ನಕಲು ಬಂದಾಗ ಅದರಲ್ಲಿರುವ ನಂಬರಿಗೂ ಬಿಲ್ಲೆಯ ನಂಬರಿಗೂ ತಾಳೆ ನೋಡಿ. ಕೂಡಿದರೆ ಬಿಲ್ಲೆ ಅಜ್ಜನದು. ಕೂಡದಿದ್ದರೆ ಮುತ್ತಾತನದಾಗಿರುವ ಸಾಧ್ಯತೆ ಹೆಚ್ಚು. ಆಗ ಪತ್ರಾಗಾರದಲ್ಲಿ ಚಾಂಪಿಯನ್ ರೀಫ್ ಕಂಪನಿಯ 1930ರ ದಶಕದ ಕಡತಗಳಿಂದ ಶುರುಮಾಡಿ.