ಪ್ಯಾಟರ್ನ್, ಬಟ್ಟೆ, ಅರ್ಧಕ್ಕೆ ನಿಂತ ಹೊಲಿಗೆ: ಎಲ್ಲವನ್ನೂ ಒಂದೇ ಆ್ಯಪ್‌ನಲ್ಲಿ ಇಡುವುದು ಹೇಗೆ?

ನೂಲುಂಡೆ (ಪ್ರಶ್ನೆ)

ಪಿಡಿಎಫ್ ಪ್ಯಾಟರ್ನ್‌ಗಳು (ಬಟ್ಟೆ ಕತ್ತರಿಸಲು ಬಳಸುವ ಉಡುಪಿನ ಭಾಗಗಳ ಅಚ್ಚುಗಳು) ಫೋನು, ಲ್ಯಾಪ್‌ಟಾಪು, ಇಮೇಲು ಅಂತ ಮೂರು ಕಡೆ ಚದುರಿಹೋಗಿವೆ. ಕವರಿನಲ್ಲಿರುವ ಕಾಗದದ ಪ್ಯಾಟರ್ನ್‌ಗಳು ಬೇರೆ. ಕಪಾಟು ತುಂಬ ಬಟ್ಟೆ ಇದೆ, ಯಾವುದು ಎಷ್ಟು ಉಳಿದಿದೆ ಅನ್ನುವುದು ಬಿಡಿಸಿ ಅಳೆಯುವ ತನಕ ತಿಳಿಯುವುದಿಲ್ಲ. ಇದನ್ನೆಲ್ಲ ಒಂದು ಆ್ಯಪ್‌ಗೆ ಹಾಕಬೇಕು. ಆಂಡ್ರಾಯ್ಡ್ ಫೋನ್, ವಿಂಡೋಸ್ ಲ್ಯಾಪ್‌ಟಾಪ್ ಎರಡರಲ್ಲೂ ತೆರೆಯಬೇಕು.

ಹೊಲಿಗೆಗೆಂದೇ ಇರುವ ಆ್ಯಪ್ ಒಳ್ಳೆಯದೋ, ಏರ್‌ಟೇಬಲ್, ನೋಷನ್, ಗೂಗಲ್ ಶೀಟ್ಸ್ ಥರದ ಸಾಮಾನ್ಯ ಪಟ್ಟಿ ಆ್ಯಪ್‌ಗಳೋ? ಒಂದೊಂದು ಬಟ್ಟೆಗೂ ಏನೇನು ಬರೆದಿಡಬೇಕು? ಬಟ್ಟೆಯ ಉದ್ದವನ್ನು ಯಾವಾಗ ಕಳೆಯಬೇಕು, ಯೋಜನೆ ಹಾಕಿದಾಗಲೋ, ಕತ್ತರಿಸಿದಾಗಲೋ?

ಕತ್ತರಿಧಾರೆ

ಆ್ಯಪ್ ಯಾವುದು ಅನ್ನುವ ಮೊದಲು ಪಟ್ಟಿಗಳು ಎಷ್ಟು ಅನ್ನುವುದು ತೀರ್ಮಾನ ಆಗಲಿ. ಮೂರು ಬೇಕು: ಪ್ಯಾಟರ್ನ್, ಬಟ್ಟೆ, ಕೆಲಸ. ಹೆಚ್ಚಿನವರು ಮೊದಲ ಎರಡನ್ನು ಮಾತ್ರ ಮಾಡಿ, ಬಟ್ಟೆಯ ಸಾಲಿನಲ್ಲೇ "ಇದಕ್ಕೆ ಈ ಪ್ಯಾಟರ್ನ್" ಅಂತ ಬರೆದುಬಿಡುತ್ತಾರೆ. ಮೊದಲ ಶರ್ಟ್‌ವರೆಗೆ ಅದು ಸರಿ. ಅದೇ ಪ್ಯಾಟರ್ನ್‌ನಲ್ಲಿ ಇನ್ನೊಂದು ಶರ್ಟ್ ಹೊಲಿದಾಗ, ಇಲ್ಲವೇ ಸ್ಕರ್ಟ್ ಕತ್ತರಿಸಿ ಉಳಿದ ಬಟ್ಟೆಯಲ್ಲಿ ಇನ್ನೊಂದಕ್ಕೆ ಕಾಲರ್ ಕತ್ತರಿಸಿದಾಗ ಆ ಅಂಕಣ ಗೋಜಲಾಗುತ್ತದೆ. ಪ್ಯಾಟರ್ನ್ ಮತ್ತು ಬಟ್ಟೆ ಸೇರುವ ಜಾಗ "ಕೆಲಸ". ಕತ್ತರಿಸಿದ ಸೈಜು, ಉಡುಪಿನ ಉದ್ದ ಹೆಚ್ಚಿಸಿದ್ದು ಕಡಿಮೆ ಮಾಡಿದ್ದು, ಹೊಲಿಗೆ ಮಾರ್ಜಿನ್ (ಹೊಲಿಗೆಯ ಆಚೆ ಬಿಡುವ ಬಟ್ಟೆ), ಸೂಜಿ ನಂಬರ್, ಟಾಕಿಯ (ಸ್ಟಿಚ್‌ನ) ಉದ್ದ, ಖರ್ಚಾದ ಬಟ್ಟೆ, ಇದೆಲ್ಲ ಕೆಲಸದ ಸಾಲಿಗೇ ಹೋಗಬೇಕು, ಪ್ಯಾಟರ್ನ್ ಸಾಲಿಗಲ್ಲ.

ಪ್ರತಿಯೊಂದಕ್ಕೂ ಒಂದು ಕೋಡ್ ಕೊಡಿ: ಬಟ್ಟೆಗೆ ಬ-001, ಪ್ಯಾಟರ್ನ್‌ಗೆ ಪ-001, ಕೆಲಸಕ್ಕೆ ಕ-001. ಮುಂದಿನ ಸೊನ್ನೆಗಳನ್ನು ಬಿಡಬೇಡಿ. ಬಿಟ್ಟರೆ ಅನುಕ್ರಮದಲ್ಲಿ ಬ-10 ಬಂದ ಮೇಲೆ ಬ-2 ಬರುತ್ತದೆ. ಅದೇ ಕೋಡನ್ನು ಚೀಟಿಯಲ್ಲಿ ಬರೆದು ಬಟ್ಟೆಯ ಅಂಚಿಗೆ ಸೇಫ್ಟಿ ಪಿನ್‌ನಿಂದ ಚುಚ್ಚಿ. ಅಂಚಿಗೇ ಯಾಕೆಂದರೆ, ನಯವಾದ ಬಟ್ಟೆಯ ನಡುವೆ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ.

ಉದ್ದ ಕಳೆಯುವ ಪ್ರಶ್ನೆಗೆ: ಕತ್ತರಿಸಿದ ಮೇಲೆ. ಯೋಜನೆ ಹಾಕಿದಾಗ "ಮೀಸಲು" ಅಂತ ಗುರುತು ಮಾಡಿದರೆ ಸಾಕು. ತೊಳೆದ ನಂತರ 2.88 ಮೀಟರ್ ಇರುವ ಬಟ್ಟೆಯಲ್ಲಿ ಶರ್ಟ್‌ಗೆ 1.7 ಮೀಟರ್ ಮೀಸಲಿಟ್ಟರೆ ಉಳಿಕೆ ಇನ್ನೂ 2.88, ಆದರೆ ಬೇರೆ ಕೆಲಸಕ್ಕೆ ಸಿಗುವುದು 1.18. ಭಾಗಗಳನ್ನು ಒತ್ತೊತ್ತಾಗಿ ಹರಡಿ 1.55ರಲ್ಲೇ ಕತ್ತರಿಸಿದಿರಿ ಅನ್ನಿ, ಆಗ ಮೀಸಲು ತೆಗೆದು 1.55 ಕಳೆಯಿರಿ, ಉಳಿಕೆ 1.33. ಯೋಜನೆ ಹಂತದಲ್ಲೇ 1.7 ಕಳೆದಿದ್ದರೆ ಆ 15 ಸೆಂ.ಮೀ. ಲೆಕ್ಕದಿಂದಲೇ ಮಾಯ. ಕೈಬಿಟ್ಟ ಯೋಜನೆಗಳ ಬಟ್ಟೆಯೂ ಲೆಕ್ಕಕ್ಕೆ ವಾಪಸ್ ಬರುವುದಿಲ್ಲ.

ಏರ್‌ಟೇಬಲ್‌ನಲ್ಲಾದರೆ ಕೆಲಸದಿಂದ ಬಟ್ಟೆಗೆ ಲಿಂಕ್ ಅಂಕಣ ಮಾಡಿ, ಬಟ್ಟೆಯ ಪಟ್ಟಿಯಲ್ಲಿ ರೋಲಪ್ (ಲಿಂಕ್ ಆದ ಸಾಲುಗಳ ಸಂಖ್ಯೆ ಕೂಡಿಸುವ ಅಂಕಣ) ಹಾಕಿದರೆ ಈ ಕೂಡಿಸಿ ಕಳೆಯುವುದು ತಾನಾಗಿ ಆಗುತ್ತದೆ. ಶೀಟ್ಸ್‌ನಲ್ಲಾದರೆ ಬಟ್ಟೆಯ ಕೋಡ್ ಆಧರಿಸಿ ಸಮ್‌ಇಫ್ ಫಾರ್ಮುಲಾ (ಒಂದೇ ಕೋಡ್‌ನ ಸಾಲುಗಳನ್ನಷ್ಟೇ ಕೂಡಿಸುವುದು). ಒಂದು ತೊಡಕಿದೆ: ಒಂದೇ ಫ್ರಾಕ್‌ಗೆ ಎರಡು ಬಟ್ಟೆ ಬಳಸಿದರೆ, ಉದಾಹರಣೆಗೆ ಮೇಲ್ಬಟ್ಟೆ ಮತ್ತು ಲೈನಿಂಗ್, ಒಂದೇ "ಖರ್ಚು" ಅಂಕಣ ಎರಡರಿಂದಲೂ ಅಷ್ಟನ್ನೇ ಕಳೆಯುತ್ತದೆ. ಹಾಗಾಗಿ "ಕಟಿಂಗ್" ಅಂತ ನಾಲ್ಕನೆಯ ಚಿಕ್ಕ ಪಟ್ಟಿ ಮಾಡಿ, ಒಂದು ಬಟ್ಟೆಗೆ ಒಂದು ಸಾಲು ಬರೆಯಬೇಕು.

ಎಳೆನೇರ

ಬಟ್ಟೆಯ ವಿವರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಎಡವಟ್ಟಾಗುವುದೆಲ್ಲ ಅಲ್ಲೇ.

ಉದ್ದಕ್ಕೆ ಎರಡು ಅಂಕಣ ಇರಲಿ, ತೊಳೆಯುವ ಮುಂಚಿನದು ಮತ್ತು ತೊಳೆದು ಇಸ್ತ್ರಿ ಮಾಡಿದ ನಂತರದ್ದು. ಹತ್ತಿ ಬಟ್ಟೆ 3ರಿಂದ 5 ಶೇಕಡಾ ಕುಗ್ಗುವುದು ಮಾಮೂಲು. 3 ಮೀಟರಿಗೆ 5 ಶೇಕಡಾ ಅಂದರೆ 15 ಸೆಂ.ಮೀ., ಒಂದು ಕಾಲರಿನ ಬಟ್ಟೆ ಹೋದ ಹಾಗೆ. ಎರಡನೆಯ ಅಂಕಣ ಖಾಲಿ ಇದ್ದರೆ ಬಟ್ಟೆ ಇನ್ನೂ ತೊಳೆದಿಲ್ಲ ಅಂತ ಅರ್ಥ, ಅದಕ್ಕೆಂದು ಬೇರೆ ಟಿಕ್ ಗುರುತು ಬೇಕಿಲ್ಲ.

ಅಳೆಯುವಾಗ ಬಟ್ಟೆಯನ್ನು ಮೇಜಿನ ಮೇಲೆ ಎಳೆಯದೆ ಹಾಸಿ, ಅಂಚಿನ ಉದ್ದಕ್ಕೂ ಎರಡೂ ಕಡೆ ಅಳೆಯಿರಿ. ಎಳೆಗೆ ನೇರವಾಗಿ ಕತ್ತರಿಸದ ತುಂಡಾದರೆ ಎರಡು ಅಂಚಿನ ಅಳತೆ ಬೇರೆ ಬರುತ್ತದೆ. ಚಿಕ್ಕದನ್ನೇ ಬರೆಯಿರಿ. ಹೆಣೆದ (ಟೀ ಶರ್ಟ್‌ನಂಥ, ಹಿಗ್ಗುವ) ಬಟ್ಟೆಯನ್ನು ಮಡಿಕೆಯಿಂದ ಬಿಡಿಸಿದ ತಕ್ಷಣ ಅಳೆಯಬೇಡಿ, ರಾತ್ರಿಯಿಡೀ ಸಡಿಲವಾಗಿ ಹಾಸಿಟ್ಟು ಬೆಳಿಗ್ಗೆ ಅಳೆಯಿರಿ.

ಅಗಲಕ್ಕೆ, ಅಂದರೆ ಪನ್ನಕ್ಕೆ, ಮಾರುವಾಗ ಹೇಳಿದ ಸಂಖ್ಯೆ ಬೇಡ, ಬಳಸಲು ಸಿಗುವ ಅಗಲ ಬರೆಯಿರಿ. 115 ಸೆಂ.ಮೀ. ಅಂದದ್ದರಲ್ಲಿ ಎರಡೂ ಬದಿಯ ಗಟ್ಟಿ ಅಂಚು, ಪಿನ್ ತೂತುಗಳ ಸಾಲು ಬಿಟ್ಟರೆ 111, 112 ಸಿಗುತ್ತದೆ.

ದಪ್ಪವನ್ನು "ತೆಳು, ಮಧ್ಯಮ, ದಪ್ಪ" ಅಂತ ಬರೆದರೆ ಕಾಲ ಕಳೆದಂತೆ ಅದಕ್ಕೆ ಅರ್ಥವೇ ಇರುವುದಿಲ್ಲ. ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ, ಬರೆಯಿರಿ. 10 ಸೆಂ.ಮೀ. ಚೌಕ ಕತ್ತರಿಸಿ ತೂಗಿ 100ರಿಂದ ಗುಣಿಸಿದರೆ ಆಯಿತು: 1.3 ಗ್ರಾಂ ಬಂದರೆ 130 ಜಿಎಸ್‌ಎಂ. ಆದರೆ ಅಡುಗೆಮನೆಯ ತಕ್ಕಡಿ ಸಾಮಾನ್ಯವಾಗಿ 1 ಗ್ರಾಂ ಹಂತದಲ್ಲೇ ತೋರಿಸುತ್ತದೆ, ಆ ಚೌಕಕ್ಕೆ ಅದು ಸಾಲದು. ಆಗ ಇಡೀ ಬಟ್ಟೆಯನ್ನೇ ತೂಗಿ. 2 ಮೀಟರ್ ಉದ್ದ, 1.5 ಮೀಟರ್ ಅಗಲದ ಬಟ್ಟೆ 540 ಗ್ರಾಂ ಇದ್ದರೆ, 540 ಭಾಗಿಸು 3, ಅಂದರೆ 180 ಜಿಎಸ್‌ಎಂ. ಡೆನಿಮ್ ಥರ ಔನ್ಸ್‌ನಲ್ಲಿ ಹೇಳಿದ್ದರೆ 34ರಿಂದ ಗುಣಿಸಿ, 10 ಔನ್ಸ್ ಸುಮಾರು 340.

ಹೆಣೆದ ಬಟ್ಟೆಗೆ ಜಿಎಸ್‌ಎಂ ಜೊತೆ ಹಿಗ್ಗುವ ಪ್ರಮಾಣವೂ ಬೇಕು. ಅಡ್ಡಕ್ಕೆ ಮಡಿಚಿ, ಮಡಿಕೆಯಿಂದ ಸ್ವಲ್ಪ ಕೆಳಗೆ 10 ಸೆಂ.ಮೀ. ಗುರುತು ಮಾಡಿ, ಅಂಚು ಸುರುಳಿ ಸುತ್ತದಷ್ಟು ಮಾತ್ರ ಎಳೆಯಿರಿ. 14ಕ್ಕೆ ಬಂದರೆ 40 ಶೇಕಡಾ. ಬಿಟ್ಟ ಮೇಲೆ 10ಕ್ಕೆ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದನ್ನೂ ಬರೆದಿಡಿ. ಬರದಿದ್ದರೆ ಮೊಣಕಾಲು, ಮೊಣಕೈ ಹತ್ತಿರ ಜೋಲುತ್ತದೆ.

ಇನ್ನು ದಿಕ್ಕು. ವೆಲ್ವೆಟ್, ಕಾರ್ಡುರಾಯ್, ಒಂದೇ ಕಡೆ ತಲೆ ಇರುವ ಹೂವಿನ ಪ್ರಿಂಟ್, ಇವಕ್ಕೆ "ಒಂದೇ ದಿಕ್ಕು" ಅನ್ನುವ ಗುರುತು ಇರಲೇಬೇಕು. ಪ್ಯಾಟರ್ನ್ ಭಾಗಗಳನ್ನು ತಲೆಕೆಳಗಾಗಿ ಇಟ್ಟು ಬಟ್ಟೆ ಉಳಿಸಲು ಇವುಗಳಲ್ಲಿ ಆಗುವುದಿಲ್ಲ. ಕವರಿನ ಹಿಂದಿನ ಕೋಷ್ಟಕದಲ್ಲಿ ಇಂಥ ಬಟ್ಟೆಗೆ ಪ್ರತ್ಯೇಕ ಅಳತೆ ಕೊಟ್ಟಿದ್ದರೆ ಆ ಸಾಲನ್ನೇ ನೋಡಬೇಕು.

ಫೋಟೋ ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ, ಪಕ್ಕದಲ್ಲಿ ಬಿಳಿ ಹಾಳೆ ಮತ್ತು ಸ್ಕೇಲ್ ಇಟ್ಟು ತೆಗೆಯಿರಿ. ಸ್ಕೇಲ್ ಇಲ್ಲದ ಫೋಟೋದಲ್ಲಿ 2 ಸೆಂ.ಮೀ. ಹೂವೂ 12 ಸೆಂ.ಮೀ. ಹೂವೂ ಒಂದೇ.

ಅರ್ಧ ಮೀಟರಿಗಿಂತ ಚಿಕ್ಕ ತುಂಡುಗಳಿಗೆ ಒಂದೊಂದು ಸಾಲು ಬರೆಯುತ್ತಾ ಕೂರಬೇಡಿ. "ಹತ್ತಿ ತುಂಡುಗಳು, ಡಬ್ಬ 2" ಅಂತ ಒಂದೇ ಸಾಲು ಸಾಕು. ಪಟ್ಟಿ ಸೊರಗುವುದು ಇಂಥ ಅತಿಶ್ರದ್ಧೆಯಿಂದಲೇ.

ಬಾಬಿನ್_ಡಬ್ಬ

ಆ್ಯಪ್ ಆಯ್ಕೆಗೆ ಬಂದರೆ ನನ್ನ ಮತ ಕತ್ತರಿಧಾರೆಗಿಂತ ಬೇರೆ. ಲಿಂಕ್, ರೋಲಪ್ ಅಂತ ಕಟ್ಟುವುದೇ ಒಂದು ಹವ್ಯಾಸ, ಅದು ಹೊಲಿಗೆಯಲ್ಲ. ಸ್ಟ್ಯಾಶ್ ಹಬ್‌ನಂಥ ಹೊಲಿಗೆಗೆಂದೇ ಮಾಡಿದ ಆ್ಯಪ್‌ಗಳಲ್ಲಿ ಬಟ್ಟೆ, ಪ್ಯಾಟರ್ನ್, ಪ್ರಾಜೆಕ್ಟ್ ವಿಭಾಗಗಳು ಸಿದ್ಧವಾಗಿಯೇ ಇರುತ್ತವೆ. ಕೋರಾ ಅನ್ನುವ ಆ್ಯಪ್ ಐಫೋನ್‌ನವರಿಗೆ, ನಿಮಗೆ ಆಗದು. ಆದರೆ ಯಾವುದನ್ನೇ ಆರಿಸಿದರೂ ಮೊದಲು ಐದೇ ಐದು ಬಟ್ಟೆ ಹಾಕಿ ಮೂರು ಪರೀಕ್ಷೆ ಮಾಡಿ: ಎಲ್ಲ ಮಾಹಿತಿ ಸಿಎಸ್‌ವಿ (ಹೆಚ್ಚಿನ ಆ್ಯಪ್‌ಗಳು ಓದುವ ಸಾದಾ ಪಟ್ಟಿ ಫೈಲು) ಆಗಿ ಹೊರಗೆ ಬರುತ್ತದೆಯೇ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದಾಗ ಪಟ್ಟಿ ಕಾಣುತ್ತದೆಯೇ, ಉಚಿತ ಆವೃತ್ತಿಯಲ್ಲಿ ಎಷ್ಟು ಸಾಲು, ಎಷ್ಟು ಫೋಟೋ. ಮೊದಲನೆಯದರಲ್ಲಿ ಫೇಲಾದ ಆ್ಯಪನ್ನು ಅಲ್ಲಿಗೇ ತೆಗೆದುಹಾಕಿ.

ಅಂಗಡಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಏರ್‌ಟೇಬಲ್ ಉಪಯೋಗಕ್ಕೆ ಬಾರದು. ಶೀಟ್ಸ್‌ನಲ್ಲಿ ಆ ಫೈಲಿಗೆ "ಆಫ್‌ಲೈನ್‌ನಲ್ಲಿ ಲಭ್ಯ" ಆನ್ ಮಾಡಿಟ್ಟರೆ ಕಾಣುತ್ತದೆ. ನೋಷನ್‌ನ ಉಚಿತ ಖಾತೆಯಲ್ಲಿ ಒಂದು ಫೈಲಿಗೆ 5 ಎಂಬಿ ಮಿತಿ, ಎ0 (ದೊಡ್ಡ ಹಾಳೆಯ) ಪಿಡಿಎಫ್‌ಗಳು ಎಷ್ಟೋ ಸಲ ಅದನ್ನು ದಾಟುತ್ತವೆ. ಹಾಗಾಗಿ ಪಿಡಿಎಫ್ ಅನ್ನು ಆ್ಯಪ್ ಒಳಗೆ ತುರುಕದೆ ಡ್ರೈವ್‌ನಲ್ಲಿಟ್ಟು ಲಿಂಕ್ ಮಾತ್ರ ಹಾಕಿ. ಆ ಫೋಲ್ಡರ್ "ಲಿಂಕ್ ಇರುವ ಯಾರಾದರೂ" ಅಂತ ತೆರೆದಿರದಂತೆ ನೋಡಿಕೊಳ್ಳಿ, ಹೆಚ್ಚಿನ ಪ್ಯಾಟರ್ನ್‌ಗಳ ಪರವಾನಗಿ ಕೊಂಡವರ ಸ್ವಂತ ಬಳಕೆಗೆ ಮಾತ್ರ.

ಬಟ್ಟೆಯ ಬಗೆಯನ್ನು ಕೈಯಿಂದ ಟೈಪ್ ಮಾಡುವ ಬದಲು ಡ್ರಾಪ್‌ಡೌನ್ ಇಡಿ. ಒಂದು ಕಡೆ "ಕಾಟನ್", ಇನ್ನೊಂದು ಕಡೆ "ಹತ್ತಿ" ಅಂತ ಬರೆದರೆ ಹುಡುಕಿದಾಗ ಅರ್ಧವೇ ಸಿಗುತ್ತದೆ.

ನೂಲುಂಡೆ

ಕಟಿಂಗ್ ಪಟ್ಟಿಯ ವಿಚಾರ ಹೊಳೆದಿರಲಿಲ್ಲ, ಹಾಕಿಕೊಳ್ಳುತ್ತೇನೆ. ಇನ್ನೊಂದು ಸಂದೇಹ: ಪ್ಯಾಟರ್ನ್‌ನಲ್ಲಿ 115 ಅಗಲಕ್ಕೆ ಮಾತ್ರ ಅಳತೆ ಕೊಟ್ಟು, ಬಟ್ಟೆ 150 ಇದ್ದರೆ, ವಿಸ್ತೀರ್ಣದ ಅನುಪಾತದಲ್ಲಿ ಉದ್ದ ಬರುವಂತೆ ಆ್ಯಪ್‌ನಲ್ಲಿ ಫಾರ್ಮುಲಾ ಹಾಕಬಹುದೇ?

ಎಳೆನೇರ

ಹಾಕಬೇಡಿ, ಮೋಸ ಹೋಗುತ್ತೀರಿ. 58 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದದ ಸ್ಕರ್ಟ್ ಭಾಗಗಳು ಎರಡು ಇವೆ ಅಂದುಕೊಳ್ಳಿ. ಪಕ್ಕಪಕ್ಕ ಇಟ್ಟರೆ 116 ಆಗುತ್ತದೆ, 115ರ ಬಟ್ಟೆಯಲ್ಲಿ ಕೂರುವುದಿಲ್ಲ. ಒಂದರ ಕೆಳಗೊಂದು ಇಡಬೇಕು, 140 ಸೆಂ.ಮೀ. ಬೇಕು. 150ರ ಬಟ್ಟೆಯಲ್ಲಿ ಎರಡೂ ಪಕ್ಕಪಕ್ಕ ಕೂರುತ್ತವೆ, 70 ಸಾಕು. ನಿಮ್ಮ ಫಾರ್ಮುಲಾ ಹೇಳುವುದು 140 ಗುಣಿಸು 115 ಭಾಗಿಸು 150, ಅಂದರೆ 107. ಇಲ್ಲಿ 37 ಸೆಂ.ಮೀ. ಹೆಚ್ಚಾಯಿತು. ಇದರ ಉಲ್ಟಾ ಕೂಡ ಆಗುತ್ತದೆ, 80 ಅಗಲದ ಭಾಗಗಳಾದರೆ 150ರಲ್ಲೂ ಪಕ್ಕಪಕ್ಕ ಕೂರುವುದಿಲ್ಲ, ಉದ್ದ 140 ಹಾಗೇ ಉಳಿಯುತ್ತದೆ, ಫಾರ್ಮುಲಾ ನಂಬಿ 107 ತಂದರೆ ಬಟ್ಟೆ ಸಾಲದು.

ಇದಕ್ಕೆ ಬದಲು ಪ್ಯಾಟರ್ನ್ ಸಾಲಿನಲ್ಲಿ "ಅತಿ ಅಗಲದ ಭಾಗ" ಅಂತ ಒಂದು ಅಂಕಣ ಇಡಿ. ಮಡಿಕೆಯ ಮೇಲೆ ಇಡುವ ಭಾಗವಾದರೆ ಅದರ ಎರಡರಷ್ಟು ಬರೆಯಿರಿ. ನಿಮ್ಮ ಸೈಜಿನ ಭಾಗಗಳನ್ನು ಒಮ್ಮೆ ನೆಲದ ಮೇಲೆ 150 ಅಗಲಕ್ಕೆ ಟೇಪ್ ಅಂಟಿಸಿ ಹರಡಿ, ಬಂದ ಉದ್ದವನ್ನು ಬರೆದು, ಹರಡಿದ್ದರ ಫೋಟೋ ಸೇರಿಸಿದರೆ ಮುಂದಿನ ಸಲ ಲೆಕ್ಕವೇ ಬೇಡ.

ಗುಂಡಿಕಾಜಾ

ಪಿಡಿಎಫ್ ಕಡೆ ಯಾರೂ ಪೂರ್ತಿ ಹೋಗಿಲ್ಲ. ಫೈಲಿನ ಹೆಸರಲ್ಲೇ ಕೋಡ್, ಉಡುಪು, ಹಾಳೆಯ ಅಳತೆ, ಆವೃತ್ತಿ ಬರಲಿ: "ಪ-014 ಶರ್ಟ್ ಎ4 ಆವೃತ್ತಿ2". ತಪ್ಪು ತಿದ್ದಿ ಮತ್ತೆ ಕಳಿಸಿದ ಫೈಲು ಬಂದಾಗ ಹಳೆಯದನ್ನು ಅಳಿಸದೆ "ಹಳೆಯದು" ಫೋಲ್ಡರಿಗೆ ಸರಿಸಿ. ಆಗಲೇ ಕತ್ತರಿಸಿಟ್ಟ ಕಾಗದ ಯಾವ ಆವೃತ್ತಿಯದು ಅಂತ ಗೊತ್ತಾಗಬೇಕಲ್ಲ.

ಪ್ಯಾಟರ್ನ್ ಸಾಲಿನಲ್ಲಿ "ಪರೀಕ್ಷಾ ಚೌಕ ಅಳೆದೆ" ಅಂತ ಒಂದು ಟಿಕ್ ಇರಲಿ (ಪ್ರಿಂಟ್ ಅಳತೆ ಸರಿಯೇ ಅಂತ ನೋಡಲು ಪ್ಯಾಟರ್ನ್‌ನಲ್ಲೇ ಕೊಟ್ಟಿರುವ ಚೌಕ ಅದು). ಅಮೆರಿಕದ ಲೆಟರ್ ಹಾಳೆಯ ಅಗಲ 215.9 ಮಿ.ಮೀ., ಎ4ರದ್ದು 210. ಲೆಟರ್ ಫೈಲನ್ನು ಎ4ಗೆ "ಹಾಳೆಗೆ ಹೊಂದಿಸು" ಅಂತ ಪ್ರಿಂಟ್ ಕೊಟ್ಟರೆ ಸುಮಾರು 97 ಶೇಕಡಾಕ್ಕೆ ಕುಗ್ಗುತ್ತದೆ. 10 ಸೆಂ.ಮೀ. ಚೌಕ 9.7 ಆಗುತ್ತದೆ. ನೋಡಲು ಏನೂ ಅನಿಸದು, ಆದರೆ 100 ಸೆಂ.ಮೀ. ಎದೆ ಸುತ್ತಳತೆಯಲ್ಲಿ 3 ಸೆಂ.ಮೀ. ಹೋಗಿರುತ್ತದೆ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ 100 ಶೇಕಡಾ ಅಥವಾ "ನಿಜವಾದ ಅಳತೆ" ಆರಿಸಿ, ಚೌಕವಿರುವ ಒಂದೇ ಪುಟವನ್ನು ಮೊದಲು ತೆಗೆದು, ಅಡ್ಡ ಉದ್ದ ಎರಡನ್ನೂ ಅಳೆಯಿರಿ.

ಒಂದೊಂದು ಸೈಜೂ ಬೇರೆ ಬೇರೆ ಲೇಯರ್ (ಮರೆಮಾಡಬಹುದಾದ ಪದರ) ಆಗಿರುವ ಪಿಡಿಎಫ್ ಆದರೆ ಲ್ಯಾಪ್‌ಟಾಪಿನಲ್ಲಿ ಅಕ್ರೊಬ್ಯಾಟ್ ರೀಡರ್‌ನಲ್ಲೇ ತೆರೆದು, ಬೇಡದ ಸೈಜಿನ ಕಣ್ಣಿನ ಗುರುತು ತೆಗೆಯಿರಿ. ಫೋನಿನ ಪಿಡಿಎಫ್ ಆ್ಯಪ್‌ಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹೊಲಿಗೆ ಮಾರ್ಜಿನ್ ಅಂಕಣ ಖಾಲಿ ಬಿಡಬೇಡಿ. ದೊಡ್ಡ ಕಂಪನಿಗಳ ಕವರ್ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ 1.5 ಸೆಂ.ಮೀ. ಸೇರಿರುತ್ತದೆ, ಬಿಡಿ ವಿನ್ಯಾಸಕಾರರದ್ದರಲ್ಲಿ ಹೆಚ್ಚಾಗಿ 1 ಸೆಂ.ಮೀ., ಪತ್ರಿಕೆಯ ಹಾಳೆಯಿಂದ ಟ್ರೇಸ್ ಮಾಡುವವುಗಳಲ್ಲಿ ಎಷ್ಟೋ ಸಲ ಸೇರಿರುವುದೇ ಇಲ್ಲ. "ಸೇರಿಲ್ಲ" ಅಂತಲೇ ಬರೆಯಿರಿ. ಸೊನ್ನೆ ಹಾಕಿದರೆ, ತುಂಬಲು ಮರೆತದ್ದೋ ನಿಜಕ್ಕೂ ಇಲ್ಲದ್ದೋ ಅಂತ ಆಮೇಲೆ ತಿಳಿಯದು.

ಬಾಬಿನ್_ಡಬ್ಬ

ಮಾರ್ಜಿನ್ ಮಾತು ಬಂತಲ್ಲ, ಅದನ್ನು ಇಂಚಿನ ಭಿನ್ನದಲ್ಲಿ ಬರೆಯುವವರು ಜಾಗ್ರತೆ. ಶೀಟ್ಸ್, ಎಕ್ಸೆಲ್ ಎರಡೂ 5/8 ಅಂತ ಹಾಕಿದರೆ ಅದನ್ನು ತಾರೀಖು ಅಂದುಕೊಳ್ಳುತ್ತವೆ. ಟೈಪ್ ಮಾಡುವ ಮೊದಲೇ ಆ ಅಂಕಣವನ್ನು "ಸಾದಾ ಪಠ್ಯ" ಮಾಡಿ, ಇಲ್ಲವೇ ಮಿಲಿಮೀಟರಿನಲ್ಲಿ 15 ಅಂತ ಬರೆಯಿರಿ. ಎಕ್ಸೆಲ್‌ನಲ್ಲಿ ತಾರೀಖಾದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ 5/8 ವಾಪಸ್ ಬರುವುದಿಲ್ಲ, ನಲವತ್ತು ಸಾವಿರ ಚಿಲ್ಲರೆಯ ಯಾವುದೋ ಸಂಖ್ಯೆ ಕಾಣುತ್ತದೆ.

ಬ್ಯಾಕಪ್‌ಗೆ ತಿಂಗಳಿಗೊಮ್ಮೆ ಸಿಎಸ್‌ವಿ ತೆಗೆದಿಡಿ. ಕನ್ನಡದಲ್ಲಿ ಬರೆದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಅಕ್ಷರಗಳು ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಫೈಲು ಹಾಳಾಗಿರುವುದಿಲ್ಲ, ಸೇವ್ ಮಾತ್ರ ಮಾಡಬೇಡಿ. ಮುಚ್ಚಿ, ಖಾಲಿ ಎಕ್ಸೆಲ್‌ನಲ್ಲಿ ಡೇಟಾ ಮೆನುವಿನಿಂದ "ಪಠ್ಯ ಅಥವಾ ಸಿಎಸ್‌ವಿಯಿಂದ" ಆರಿಸಿ, ಎನ್‌ಕೋಡಿಂಗ್ ಯುಟಿಎಫ್-8 ಕೊಡಿ.

ಸಿಎಸ್‌ವಿಯಲ್ಲಿ ಫೋಟೋ ಬರುವುದಿಲ್ಲ. ಏರ್‌ಟೇಬಲ್‌ನದ್ದರಲ್ಲಿ ಫೋಟೋ ಜಾಗಕ್ಕೆ ಲಿಂಕ್ ಇರುತ್ತದೆ, ಆದರೆ ಆ ಲಿಂಕ್ ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ಮೂಲ ಫೋಟೋಗಳಿಗೆ ಬ-001, ಬ-002 ಅಂತಲೇ ಹೆಸರಿಟ್ಟು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಆ್ಯಪ್ ಬದಲಿಸಬೇಕಾಗಿ ಬಂದರೂ ಯಾವ ಫೋಟೋ ಯಾವ ಬಟ್ಟೆಯದು ಅಂತ ಕೋಡ್ ನೋಡಿಯೇ ಜೋಡಿಸಬಹುದು.