ಡ್ರೈವರ್‌ಗೆ ‘ನಿವೃತ್ತಿ’ ಅನ್ನಬಹುದಾ? ಜೊತೆಗೆ ‘ಬೇಚರಾಕ್’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಕೆಲವು ಡಿಪ್ಲೊಮಾ ಹುಡುಗರಿಗಾಗಿ ಲಿನಕ್ಸ್ (ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್) ಬಗ್ಗೆ ಕನ್ನಡದಲ್ಲಿ ಸಣ್ಣ ಸಣ್ಣ ಟಿಪ್ಪಣಿ ಬರೆದುಕೊಡುತ್ತೇನೆ. ಹೋದ ವಾರ ಒಂದಕ್ಕೆ ‘ಕರ್ನಲ್‌ನಿಂದ ಹಳೇ ಟೆಲಿಫೋನ್ ಡ್ರೈವರ್‌ಗಳ ನಿವೃತ್ತಿ’ ಅಂತ ತಲೆಬರಹ ಹಾಕಿದ್ದೆ. ಅತ್ತಿಗೆ ಓದಿ, “ಯಾವ ಕರ್ನಲ್? ಮಿಲಿಟರಿಯವರಾ? ಡ್ರೈವರ್‌ಗೆ ಪಿಂಚಣಿ ಬರುತ್ತಾ?” ಅಂದರು. ನಕ್ಕು ಸುಮ್ಮನಾದೆ. ಆಮೇಲೆ ಕೂತು ನೋಡಿದರೆ ಮೂರೂ ಪದ ಕೈಕೊಟ್ಟಿವೆ.

ಮೊದಲನೆಯದನ್ನು ‘ಕರ್ನೆಲ್’ ಅಂತ ತಿದ್ದಿದೆ, ಲಿನಕ್ಸ್‌ನ ತಿರುಳಿನ ಭಾಗಕ್ಕೆ ಆ ಹೆಸರು. ಡ್ರೈವರ್ ಅಂದರೆ ಕಂಪ್ಯೂಟರಿಗೆ ಜೋಡಿಸಿದ ಸಾಧನವನ್ನು ನಡೆಸುವ ಕೋಡ್, ಅದು ಡ್ರೈವರ್ ಆಗಿಯೇ ಇರಲಿ. ‘ಚಾಲಕ’ ಅಂದರೆ ಕೆಎಸ್‌ಆರ್‌ಟಿಸಿ ಬಸ್ ಕಣ್ಮುಂದೆ ಬಂದು ನಿಲ್ಲುತ್ತದೆ. ನನ್ನ ತಕರಾರು ಇರುವುದು ‘ನಿವೃತ್ತಿ’ಯ ಜೊತೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಐಎಸ್‌ಡಿಎನ್ ಅಂತ ಒಂದು ಟೆಲಿಫೋನ್ ವ್ಯವಸ್ಥೆ ಇತ್ತು. ಮಾಮೂಲಿ ತಾಮ್ರದ ತಂತಿಯಲ್ಲೇ ಮಾತು, ಡೇಟಾ ಎರಡನ್ನೂ ಡಿಜಿಟಲ್ ಆಗಿ ಕಳಿಸುವುದು. ಸಣ್ಣ ಸಂಪರ್ಕದಲ್ಲಿ 64 ಕಿಲೋಬಿಟ್‌ನ ಎರಡು ಚಾನೆಲ್, ಕರೆ ಸಂಕೇತಗಳಿಗೆ 16 ಕಿಲೋಬಿಟ್‌ನ ಇನ್ನೊಂದು. 2002ರ ಸುಮಾರಿಗೆ ನಾನು ಪಿ.ಜೆ. ಬಡಾವಣೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಆ ಲೈನ್ ಇತ್ತು. ಎರಡೂ ಚಾನೆಲ್ ಸೇರಿದರೆ 128, ಆಗ ಅದೇ ದೊಡ್ಡ ವೇಗ. ಬೆಂಗಳೂರಿನ ಪ್ರೆಸ್‌ಗೆ ಪುಟ ಹೋಗುತ್ತಿರುವಾಗ ಯಾರಾದರೂ ಫೋನ್ ಎತ್ತಿದರೋ, ಒಂದು ಚಾನೆಲ್ ಮಾತಿಗೆ ಹೋಗುತ್ತಿತ್ತು, ಪುಟ ಅರ್ಧ ವೇಗಕ್ಕೆ ಇಳಿಯುತ್ತಿತ್ತು. ಮಾಲೀಕರು ಸಂಜೆ ಆರರ ಮೇಲೆ ಫೋನಿನ ಮೇಲೆ ಟವೆಲ್ ಹೊದಿಸಿಡುತ್ತಿದ್ದರು. ಟವೆಲ್ ಇದ್ದರೆ ಯಾರೂ ಮುಟ್ಟಬಾರದು.

ಕಂಪ್ಯೂಟರನ್ನು ಅಂಥ ಲೈನಿಗೆ ಜೋಡಿಸಲು ಒಳಗೆ ಒಂದು ಕಾರ್ಡ್ ಬೇಕು. ಆ ಕಾರ್ಡುಗಳನ್ನು ನಡೆಸುವ ಕೋಡ್ ಲಿನಕ್ಸ್ ಕರ್ನೆಲ್‌ನ ಒಳಗೇ ಇತ್ತು. ಹೆಸರು ಐಎಸ್‌ಡಿಎನ್4ಲಿನಕ್ಸ್. 2008ರಲ್ಲಿ ಎಂಐಎಸ್‌ಡಿಎನ್ ಅನ್ನುವ ಹೊಸದು ಬಂತು. ಆದರೂ ಹಳೆಯದು ಅದರ ಪಕ್ಕದಲ್ಲೇ ಹತ್ತು ವರ್ಷಕ್ಕೂ ಜಾಸ್ತಿ ಕೂತಿತ್ತು. ಕೊನೆಗೆ 2019ರಲ್ಲಿ, 5.3 ಆವೃತ್ತಿಗೆ, ಅದನ್ನು ತೆಗೆದರು. ಐಎಸ್‌ಡಿಎನ್ ತುಂಬಾ ಬಳಕೆಯಲ್ಲಿದ್ದ ಜರ್ಮನಿಯಲ್ಲೇ ಜನ ಇಂಟರ್ನೆಟ್ ಫೋನಿಗೆ ಸರಿದಿದ್ದರು. ಕರ್ನೆಲ್‌ನ ಒಳಗಿನ ಒಂದು ಫಂಕ್ಷನ್ ಬದಲಾದರೆ ಅದನ್ನು ಬಳಸುವ ಡ್ರೈವರ್‌ಗಳನ್ನೆಲ್ಲ ತಿದ್ದಬೇಕು. ತಿದ್ದಿದ್ದು ಸರಿಯಾಯಿತಾ ಅಂತ ನೋಡೋಣ ಅಂದರೆ ಕಾರ್ಡೂ ಇಲ್ಲ, ಲೈನೂ ಇಲ್ಲ. ಯಾರೂ ಕಣ್ಣಿಡದ ಕೋಡು ಕನ್ನ ಹಾಕುವವರಿಗೆ ಒಳ್ಳೆಯ ಜಾಗ ಬೇರೆ. (ಇದನ್ನು ಚಿತ್ರದುರ್ಗದ ಗೆಳೆಯನಿಗೆ ಹೇಳಿದರೆ ತಕ್ಷಣ “ಕಿಂಡಿ” ಅಂದ. ಅವರ ಊರಿನವರಿಗೆ ಎಲ್ಲದಕ್ಕೂ ಅದೊಂದೇ ಹೋಲಿಕೆ.)

ಈಗ ಪದಕ್ಕೆ ಬರೋಣ. ಸರ್ಕಾರಿ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಶಾಲು, ಹಾರ, ಫೋಟೋ. ಮನುಷ್ಯ ಹೋಗುತ್ತಾನೆ, ಹುದ್ದೆ ಉಳಿಯುತ್ತದೆ. ಇಲ್ಲಿ ಹುದ್ದೆಯೇ ಹೋಗಿದೆ. ‘ಸೇವೆಯಿಂದ ಬಿಡುಗಡೆ’ ಅಂತ ಬರೆದು ನೋಡಿದೆ. “5.3 ಬಿಡುಗಡೆಯಾಯಿತು, ಅದರಲ್ಲಿ ಹಳೇ ಡ್ರೈವರ್‌ಗಳನ್ನು ಬಿಡುಗಡೆ ಮಾಡಿದರು” ಅಂದರೆ ಓದುವವನ ಗತಿ ಏನು? ಒಂದೇ ಪದ ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ! ‘ಗುಜರಿಗೆ ಹಾಕಿದರು’ ನಮ್ಮ ಊರಿಗೆ ಹೊಂದುವ ಮಾತು. ಕಾಟನ್ ಮಿಲ್ಲುಗಳು ಮುಚ್ಚಿದ ಊರು ಇದು. ಆದರೆ ಗುಜರಿಗೆ ಹೋದ ಮಗ್ಗ ವಾಪಸ್ ಬರಲ್ಲ. ತೆಗೆದ ಕೋಡು ಹಾಗಲ್ಲ, ಹಳೇ ಆವೃತ್ತಿಗಳಲ್ಲಿ ಇದ್ದೇ ಇರುತ್ತದೆ, ಬೇಕಾದವರು ಎತ್ತಿಕೊಳ್ಳಬಹುದು.

ಇನ್ನೂ ಒಂದು ತೊಡಕಿದೆ. ಕರ್ನೆಲ್ ಜೊತೆ ಮೇಂಟೇನರ್ಸ್ ಅನ್ನುವ ಫೈಲ್ ಬರುತ್ತದೆ, ಯಾವ ಭಾಗ ಯಾರ ಉಸ್ತುವಾರಿಯಲ್ಲಿದೆ ಅಂತ ತಿಳಿಸಲು. ಅದರಲ್ಲಿ ಕೆಲವಕ್ಕೆ ‘ಆರ್ಫನ್’ ಅಂತ, ಕೆಲವಕ್ಕೆ ‘ಅಬ್ಸೊಲೀಟ್’ ಅಂತ ಗುರುತು. ಎರಡನೆಯದು ಸುಲಭ: ಇದಕ್ಕಿಂತ ಒಳ್ಳೆಯದು ಬಂದಿದೆ, ಅದನ್ನು ಬಳಸಿ ಅಂತ. ‘ಬಳಕೆ ತಪ್ಪಿದ್ದು’ ಸಾಕು. ಮೊದಲನೆಯದಕ್ಕೆ ‘ಅನಾಥ’ ಅಂದರೆ ಕರುಣೆ ಜಾಸ್ತಿಯಾಯಿತು. ಅದರ ನಿಜವಾದ ಅರ್ಥ, ಸದ್ಯಕ್ಕೆ ನೋಡಿಕೊಳ್ಳುವವರಿಲ್ಲ, ನೀವು ಬೇಕಾದರೆ ವಹಿಸಿಕೊಳ್ಳಿ ಅಂತ. ನಮ್ಮ ಕಡೆ ಉಳದೆ ಬಿಟ್ಟ ಹೊಲಕ್ಕೆ ‘ಬೀಳು ಬಿದ್ದಿದೆ’ ಅನ್ನುತ್ತಾರಲ್ಲ, ಅದೇ ಸರಿ ಅನ್ನಿಸುತ್ತದೆ. ಬೀಳು ಹೊಲವನ್ನು ಯಾರಾದರೂ ಮತ್ತೆ ಉಳಬಹುದು.

ಆದರೆ ಐಎಸ್‌ಡಿಎನ್ ಕಥೆ ಬೀಳು ಹೊಲದ್ದಲ್ಲ. ಇಲ್ಲಿ ಇಲ್ಲವಾದದ್ದು ಬಳಸುವ ಜನ. ಇದಕ್ಕೆ ಪದ ಹುಡುಕುವಾಗ ಜಗಳೂರು ಕಡೆಯ ದೊಡ್ಡಪ್ಪ ಆಡುವ ಮಾತು ನೆನಪಾಯಿತು. ಅವರ ಮೂರು ಎಕರೆ ಹೊಲ ಇರುವುದು ಒಂದು ಬೇಚರಾಕ್ ಗ್ರಾಮದಲ್ಲಿ. ಕಂದಾಯ ದಾಖಲೆಯಲ್ಲಿ ಆ ಊರಿಗೆ ಹೆಸರಿದೆ, ಸರ್ವೆ ನಂಬರ್ ಇವೆ, ಪಹಣಿ ಬರುತ್ತದೆ. ಮನೆ ಮಾತ್ರ ಒಂದೂ ಇಲ್ಲ. ಪದ ಪರ್ಷಿಯನ್ ಮೂಲದ್ದು: ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಆಡಳಿತದ ಕಾಗದದಿಂದ ಬಂದ ಪದ ಇಷ್ಟು ಚೆನ್ನಾಗಿರುತ್ತೆ ಅಂತ ಯಾರಿಗೆ ಗೊತ್ತಿತ್ತು!

ನನಗೆ ಇದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ದೊಡ್ಡಪ್ಪನ ಆ ಬೇಚರಾಕ್ ಊರಿನಲ್ಲಿ ಆಂಜನೇಯನ ಗುಡಿಯೊಂದು ಉಳಿದಿದೆ. ಪಕ್ಕದ ಊರಿನವರು ಶನಿವಾರ ಬಂದು ಪೂಜೆ ಮಾಡಿ ಹೋಗುತ್ತಾರೆ. ಕರ್ನೆಲ್‌ನಲ್ಲೂ ಹಾಗೇ ಆಯಿತು. ಐಎಸ್‌ಡಿಎನ್‌ನ ಒಳಗೆ ಕ್ಯಾಪಿ ಅಂತ ಒಂದು ಭಾಗ ಇತ್ತು, ಪ್ರೋಗ್ರಾಮ್‌ಗಳು ಕಾರ್ಡುಗಳ ಜೊತೆ ವ್ಯವಹರಿಸಲು. ಅದನ್ನು ನಂಬಿದ್ದ ಕಾರ್ಡುಗಳ ಡ್ರೈವರ್‌ಗಳನ್ನು 2019ರಲ್ಲಿ ‘ಸ್ಟೇಜಿಂಗ್’ಗೆ ಸಾಗಿಸಿದರು, ಆಮೇಲೆ ತೆಗೆದರು. ಕ್ಯಾಪಿಯ ನಡುಮನೆ ಮಾತ್ರ ಉಳಿಯಿತು. ಯಾಕೆಂದರೆ ಪಕ್ಕದ ಬ್ಲೂಟೂತ್‌ನವರ ಒಂದು ಹಳೇ ಪ್ರೋಟೋಕಾಲ್ ಅದನ್ನೇ ಅವಲಂಬಿಸಿತ್ತು.

‘ಸ್ಟೇಜಿಂಗ್’ ಅಂದೆನಲ್ಲ, ಅದಕ್ಕೂ ಪದ ಬೇಕು. ಇನ್ನೂ ಪಕ್ವವಾಗದ ಹೊಸ ಡ್ರೈವರ್ ಮೊದಲು ಬಂದು ಕೂರುವುದು ಆ ಫೋಲ್ಡರ್‌ನಲ್ಲಿ. ಹೊರಡುವ ಹಳೆಯದೂ ಒಂದಷ್ಟು ದಿನ ಅಲ್ಲೇ ಕೂರುತ್ತದೆ, ಯಾರಾದರೂ ಬೇಕು ಅಂತ ಕೂಗುತ್ತಾರಾ ನೋಡಲು. ‘ಅಟ್ಟ’ ಅಂದುಕೊಂಡಿದ್ದೆ, ಆದರೆ ಹೊಸ ನೆಂಟರನ್ನು ಯಾರೂ ಅಟ್ಟಕ್ಕೆ ಹತ್ತಿಸಲ್ಲ. ಬಂದವರೂ ಹೊರಟವರೂ ಕೂರುವುದು ‘ಜಗಲಿ’ ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಬೇಚರಾಕ್ ಪದವನ್ನು ಊರಿಗಲ್ಲದೆ ಬೇರೆ ಯಾವುದಕ್ಕಾದರೂ, ಅಂಗಡಿಗೋ ಮನೆಗೋ, ನಿಮ್ಮ ಕಡೆ ಬಳಸುತ್ತಾರಾ? ಕೆಲವರು ‘ಬೇಚಿರಾಕ್’ ಅಂತಲೂ ಬರೆಯುತ್ತಾರೆ, ನಿಮ್ಮ ಬಾಯಲ್ಲಿ ಯಾವುದು? ‘ಹಾಳೂರು’ ಅಂದರೂ ಅದೇ ಅರ್ಥ ಬರುತ್ತಾ? ನನ್ನ ಕಿವಿಗೆ ಹಾಳೂರಲ್ಲಿ ಗೋಡೆ ಬಿದ್ದಿರಬೇಕು, ಬೇಚರಾಕ್‌ನಲ್ಲಿ ಕಾಗದ ಗಟ್ಟಿಯಾಗಿರಬೇಕು. ತಪ್ಪಿದ್ದರೆ ತಿದ್ದಿ.

ತಲೆಬರಹವನ್ನು ಸದ್ಯಕ್ಕೆ ‘ಕರ್ನೆಲ್‌ನಿಂದ ಹಳೇ ಟೆಲಿಫೋನ್ ಡ್ರೈವರ್‌ಗಳನ್ನು ತೆಗೆದರು’ ಅಂತ ಬದಲಿಸಿದ್ದೇನೆ. ಅತ್ತಿಗೆ ಅದನ್ನೂ ಓದಿದರು. “ಅಯ್ಯೋ, ಕೆಲಸದಿಂದಲೇ ತೆಗೆದರಾ?” ಅಂದರು.